ಬರಿಗೈ ಸನ್ಯಾಸಿಯ ಲೆಕ್ಕಪತ್ರ

ಫ್ಯಾಂಟಸಿ ಆಟದಲ್ಲಿ ಮೊದಲ ಊರು ಕಂಡ ಕೂಡಲೇ ನಾವೆಲ್ಲರೂ ಹುಡುಕುವುದು ಆಯುಧದಂಗಡಿಯನ್ನು. ಜೇಬಿನ ಚಿಲ್ಲರೆಯನ್ನೆಲ್ಲ ಸುರಿದು ಒಂದು ಕತ್ತಿ ಕೊಳ್ಳುತ್ತೇವೆ. ಮುಂದಿನ ಊರಿನಲ್ಲಿ ಅದನ್ನು ಅರ್ಧ ಬೆಲೆಗೆ ಮಾರಿ ಇನ್ನೂ ಹರಿತವಾದದ್ದನ್ನು ಕೊಳ್ಳುತ್ತೇವೆ. ರಾಕ್ಷಸನನ್ನು ಕೊಂದರೆ ಹಣ, ಹಣ ಬಂದರೆ ಕತ್ತಿ, ಕತ್ತಿ ಸಿಕ್ಕರೆ ಇನ್ನೂ ದೊಡ್ಡ ರಾಕ್ಷಸ. ರೋಲ್ ಪ್ಲೇಯಿಂಗ್ ಆಟ ಎಂಬ ಗಾಣ ತಿರುಗುವುದೇ ಹೀಗೆ. ಆ ಗಾಣದ ಪಕ್ಕದಲ್ಲಿ ಒಬ್ಬ ಕೈಕಟ್ಟಿ ನಿಂತು, ನನಗೆ ಕತ್ತಿಯೂ ಬೇಡ, ಕವಚವೂ ಬೇಡ ಎನ್ನುತ್ತಾನೆ. ಅವನೇ ಮಾಂಕ್.

ಪಾತ್ರ ಆಯ್ಕೆಯ ಪರದೆಯಲ್ಲಿ ಅವನನ್ನು ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಬರಿಗೈಯಲ್ಲಿ ಡ್ರ್ಯಾಗನ್ ಹೊಡೆಯುವುದು ಎಷ್ಟು ಚೆನ್ನ ಎಂದು ಮರುಳಾಗಿ ಆರಿಸಿಕೊಂಡು, ಎರಡನೆಯ ಗುಹೆಯಲ್ಲಿ ಸತ್ತು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಇಲ್ಲವೇ, ಕತ್ತಿಯಿಲ್ಲದವನನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಮುಂದೆ ಹೋಗುತ್ತಾರೆ. ಇಬ್ಬರೂ ತಪ್ಪುವುದು ಒಂದೇ ಕಡೆ. ಮಾಂಕ್‌ನ ಕೈ ಬರಿದಾಗಿರುವುದು ನೋಟಕ್ಕೆ ಮಾತ್ರ. ಬೇರೆಯವರು ಅಂಗಡಿಯಲ್ಲಿ ಕೊಳ್ಳುವುದನ್ನೆಲ್ಲ ಆಟ ಅವನಿಗೆ ಇನ್ನೊಂದು ಖಾತೆಯಿಂದ ಕೊಡುತ್ತಿರುತ್ತದೆ. ಆ ಖಾತೆ ಯಾವುದು, ಅದಕ್ಕೆ ಯಾವಾಗ ಹಣ ಬೀಳುತ್ತದೆ ಎಂದು ತಿಳಿದರೆ ಈ ಪಾತ್ರ ತಿಳಿದಂತೆ.

ಮೊದಲು ಹೆಸರಿನ ಗೊಂದಲ. ಮಾಂಕ್ ಎಂದರೆ ಸನ್ಯಾಸಿ, ಭಿಕ್ಷು. ಯುರೋಪಿನ ಮಧ್ಯಯುಗವನ್ನು ಹೋಲುವ ಕೋಟೆಗಳ ಲೋಕದಲ್ಲಿ ಸನ್ಯಾಸಿ ಎಂದರೆ ಮಠದಲ್ಲಿ ಕುಳಿತು ಹಸ್ತಪ್ರತಿ ಬರೆಯುವವನು ಇರಬೇಕಿತ್ತು. ಆದರೆ ಈ ಸನ್ಯಾಸಿ ಬಂದದ್ದು ಆ ಮಠದಿಂದಲ್ಲ, ಚೀನಾದ ಹೆನಾನ್ ಪ್ರಾಂತ್ಯದ ಶಾವೊಲಿನ್ ಮಠದಿಂದ. ಅದೂ ನೇರವಾಗಿ ಅಲ್ಲ, 1970ರ ದಶಕದಲ್ಲಿ ಅಮೆರಿಕವನ್ನು ಆವರಿಸಿದ್ದ ಕುಂಗ್‌ಫೂ ಗುಂಗಿನ ಮೂಲಕ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕುಳಿತು ದಾಳ ಉರುಳಿಸಿ ಆಡುವ ಆಟ 1974ರಲ್ಲಿ ಬಂತು. ಮರುವರ್ಷ ಬಂದ ಬ್ಲ್ಯಾಕ್‌ಮೂರ್ ಎಂಬ ಪುರವಣಿಯಲ್ಲಿ ಮಾಂಕ್ ಕಾಣಿಸಿಕೊಂಡ. ಶಾವೊಲಿನ್‌ಗೆ ಕುಸ್ತಿ ಕಲಿಸಿದವನು ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಎಂಬ ಐತಿಹ್ಯವನ್ನು ಇಲ್ಲಿ ಎಳೆದು ತಂದು ನಮ್ಮವನೇ ಎಂದು ಬೀಗಬಹುದು. ಇತಿಹಾಸಕಾರರು ಒಪ್ಪುವುದಿಲ್ಲ, ಅಷ್ಟೇ.

ಆ ಆಟದ 1978ರ ನಿಯಮಪುಸ್ತಕದ ಮಾಂಕ್ ಒಂದು ವಿಚಿತ್ರ ಜೀವಿ. ಅವನಾಗಲು ಬಲ, ಚುರುಕು, ವಿವೇಕ ಈ ಮೂರರಲ್ಲೂ ಕನಿಷ್ಠ 15 ಅಂಕ ಬೇಕಿತ್ತು, ಗರಿಷ್ಠವೇ 18. ಇಷ್ಟೆಲ್ಲ ಇದ್ದರೂ ಅವನ ಜೀವಾಂಕಕ್ಕೆ, ಎಂದರೆ ಎಷ್ಟು ಪೆಟ್ಟು ತಾಳಬಲ್ಲ ಎಂಬುದಕ್ಕೆ, ಉರುಳಿಸುತ್ತಿದ್ದದ್ದು ಬಡಪಾಯಿ ಮಂತ್ರವಾದಿಗೆ ಕೊಡುವ ನಾಲ್ಕು ಮುಖದ ದಾಳವನ್ನೇ. ಲೆವೆಲ್ ಎಂದರೆ ಅನುಭವ ಗಳಿಸಿದಂತೆ ಪಾತ್ರ ಏರುವ ಹಂತ. ಮೇಲಿನ ಲೆವೆಲ್‌ಗಳ ವ್ಯವಸ್ಥೆಯಂತೂ ಗರಡಿಮನೆಯನ್ನು ನೆನಪಿಸುತ್ತದೆ. 8ನೇ ಲೆವೆಲ್‌ನಲ್ಲಿ ಇಡೀ ಲೋಕಕ್ಕೆ ಮೂವರೇ ಮಾಂಕ್‌ಗಳು, ಅದರಿಂದಾಚೆ ಪ್ರತಿ ಲೆವೆಲ್‌ಗೆ ಒಬ್ಬನೇ. ಮೇಲೇರಬೇಕಾದರೆ ಆ ಪದವಿಯಲ್ಲಿ ಕುಳಿತವನನ್ನು ಹುಡುಕಿಕೊಂಡು ಹೋಗಿ ಕೈಕೈ ಮಿಲಾಯಿಸಿ ಗೆಲ್ಲಬೇಕು. ತುತ್ತತುದಿಯ 17ನೇ ಲೆವೆಲ್‌ನ ಬಿರುದು ‘ಹೂಗಳ ಮಹಾಗುರು’. ಮೂಳೆ ಮುರಿಯುವವನಿಗೆ ಇಷ್ಟು ನಾಜೂಕಾದ ಬಿರುದು ಕೊಟ್ಟವರ ಮೇಲೆ ನನಗೆ ಪ್ರೀತಿಯಿದೆ. 1989ರ ಎರಡನೆಯ ಆವೃತ್ತಿ ಮಾಂಕ್‌ನನ್ನು ಮುಖ್ಯ ಪುಸ್ತಕದಿಂದ ಕೈಬಿಟ್ಟಿತು, 2000ದ ಮೂರನೆಯದು ಮರಳಿ ಕರೆಸಿತು. ಅದೇ ವರ್ಷ ಬಾಲ್ಡರ್ಸ್ ಗೇಟ್ 2 ಎಂಬ ಕಂಪ್ಯೂಟರ್ ಆಟದಲ್ಲೂ ಅವನು ಬಂದ.

ಆದರೆ ಖಾತೆಯ ಲೆಕ್ಕ ಅತ್ಯಂತ ಸರಳವಾಗಿ, ಬೆತ್ತಲೆಯಾಗಿ ಕಾಣುವುದು ಜಪಾನಿನ ಒಂದು ಆಟದಲ್ಲಿ. 1987ರ ಡಿಸೆಂಬರ್‌ನಲ್ಲಿ ಸ್ಕ್ವೇರ್ ಕಂಪನಿ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕಾಗಿ ತಂದ ಮೊದಲ ಫೈನಲ್ ಫ್ಯಾಂಟಸಿಯಲ್ಲಿ ಆರು ಬಗೆಯ ಪಾತ್ರಗಳಿದ್ದವು, ಅವುಗಳಲ್ಲಿ ಒಂದು ಮಾಂಕ್. ಅಮೆರಿಕಕ್ಕೆ ಹೋದಾಗ ಅವನ ಹೆಸರು ಬ್ಲ್ಯಾಕ್ ಬೆಲ್ಟ್ ಎಂದಾಯಿತು. ಅವನ ಮುಷ್ಟಿಯ ಸೂತ್ರ ಇಷ್ಟೇ: ಕೈಯಲ್ಲಿ ಏನೂ ಇಲ್ಲದಿದ್ದರೆ ಹೊಡೆತದ ಅಂಕ ಎಂದರೆ ಲೆವೆಲ್‌ನ ಎರಡರಷ್ಟು. ಮೈಮೇಲೆ ಕವಚವಿಲ್ಲದಿದ್ದರೆ ರಕ್ಷಣೆಯ ಅಂಕ ಎಂದರೆ ಲೆವೆಲ್‌ನಷ್ಟೇ. ಜೊತೆಗೆ, ಬರಿಗೈಯಲ್ಲಿ ಹೊಡೆದರೆ ಏಟುಗಳ ಎಣಿಕೆ ಇಮ್ಮಡಿ.

ಈಗ ಮೊದಲ ಊರಿನಲ್ಲಿ ನಿಂತು ನೋಡಿ. ಮಾಂಕ್‌ನದು 1ನೇ ಲೆವೆಲ್, ಅವನ ಮುಷ್ಟಿಯ ಬಲ 2. ಎದುರಿನ ಅಂಗಡಿಯಲ್ಲಿ ಮರದ ನುಂಚಾಕು, ಎಂದರೆ ಸರಪಳಿ ಕಟ್ಟಿದ ಜೋಡಿಕೋಲು, ಮಾರಾಟಕ್ಕಿದೆ. ಅದರ ಬಲವೇ 12, ತೋಳಿನ ಬಲ ಸೇರಿದರೆ ಸುಮಾರು 14. ಬರಿಗೈ ವೀರನಿಗೆ ಆಟವೇ ಹೇಳುತ್ತಿದೆ: ಸದ್ಯಕ್ಕೆ ಕೋಲು ಹಿಡಿ ತಮ್ಮಾ, ನಿನ್ನ ಕೈ ಇನ್ನೂ ಎಳೆಯದು. ನಾನು ಮೊದಲ ಸಲ ಆಡಿದಾಗ ಈ ಮಾತು ಕಿವಿಗೆ ಬೀಳಲಿಲ್ಲ. ಮಾಂಕ್ ಎಂದರೆ ಮುಷ್ಟಿ ಎಂಬ ಹಟಕ್ಕೆ ಬಿದ್ದು, ಊರಾಚೆಯ ಕಾಡಿನಲ್ಲಿ ಇಂಪ್ ಎಂಬ ಪುಟಾಣಿ ರಕ್ಕಸರ ಕೈಯಲ್ಲಿ ಗುದ್ದಿಸಿಕೊಂಡು ಸತ್ತೆ.

ಕೋಲಿನ ಬಲ ಮಾತ್ರ ಎಂದಿಗೂ 12ರಿಂದ ಮೇಲೇರುವುದಿಲ್ಲ. 10ನೇ ಲೆವೆಲ್‌ನಲ್ಲಿ ಮುಷ್ಟಿಯ ಬಲ 20, ಏಟು ಇಮ್ಮಡಿ. ಅಷ್ಟರೊಳಗೆ ಕೋಲನ್ನು ಬಿಸಾಡುವ ಸಮಯ ಬಂದಿರುತ್ತದೆ. 30ನೇ ಲೆವೆಲ್‌ನಲ್ಲಿ ಬಲ 60. ಆ ಆಟದ ಅತ್ಯಂತ ಬಲಶಾಲಿ ಖಡ್ಗ ಮಸಮುನೆಯ ಅಂಕ 56. ಕತ್ತಿ ಹಿಡಿದವನಿಗೆ ಅದರ ಮೇಲೆ ತನ್ನ ತೋಳಿನ ಬಲದ ಅರ್ಧ ಸೇರುತ್ತದೆ ನಿಜ, ಆದರೂ ಮಾಂಕ್‌ನ ಏಟುಗಳು ಇಮ್ಮಡಿ ಎಂಬುದನ್ನು ಮರೆಯಬಾರದು. ಆಟದ ಕೊನೆಯ ಭಾಗದಲ್ಲಿ ಅವನು ದೊಡ್ಡ ದೊಡ್ಡ ದೈತ್ಯರನ್ನು ಎರಡು ಸುತ್ತಿನಲ್ಲಿ ಮುಗಿಸುತ್ತಾನೆ. ಇಷ್ಟಾಗಿಯೂ ಅವನಿಗಾಗಿ ಖರ್ಚಾದದ್ದು ಆ ಒಂದು ಕೋಲಿನ ದುಡ್ಡು. ಉಳಿದ ಹಣವೆಲ್ಲ ಮಂತ್ರವಾದಿಗಳ ಮಂತ್ರಕ್ಕೆ, ಭಟನ ಕವಚಕ್ಕೆ. ಮನೆಯಲ್ಲಿ ಏನೂ ಕೇಳದೆ ಬೆಳೆದ ಮಗನಂತೆ.

ಬೇರೆ ಪಾತ್ರಗಳ ಬಲ ಹಣದಿಂದ ಬಂದರೆ ಮಾಂಕ್‌ನ ಬಲ ಲೆವೆಲ್‌ನಿಂದ, ಎಂದರೆ ಅನುಭವದಿಂದ ಬರುತ್ತದೆ. ಹಣದ ಬಲ ಮೆಟ್ಟಿಲಿನಂತೆ, ಹೊಸ ಕತ್ತಿ ಸಿಕ್ಕಾಗ ಒಮ್ಮೆಲೇ ಏರುತ್ತದೆ. ಅನುಭವದ ಬಲ ಏರು ರಸ್ತೆಯಂತೆ, ಕಾಣದಂತೆ ಏರುತ್ತದೆ. ಮೊದಲಿಗೆ ಮೆಟ್ಟಿಲು ಮೇಲಿರುತ್ತದೆ, ಒಂದು ಕಡೆ ಎರಡೂ ಸಂಧಿಸುತ್ತವೆ, ಆಮೇಲೆ ಯಾವುದು ಮೇಲೆ ಎಂಬುದು ಆಟ ರೂಪಿಸಿದವರ ಕೈಚಳಕ. ಅವರು ಏರನ್ನು ಒಂದಿಷ್ಟು ಕಡಿದಾಗಿಸಿದರೆ ಮಾಂಕ್ ಎಲ್ಲರನ್ನೂ ನುಂಗುತ್ತಾನೆ; ಒಂದಿಷ್ಟು ಸಪಾಟಾಗಿಸಿದರೆ ಮೂಲೆಯಲ್ಲಿ ಕೂರುತ್ತಾನೆ. ಇಷ್ಟು ಸೂಕ್ಷ್ಮವಾಗಿ ತೂಗಬೇಕಾದ ಪಾತ್ರ ಬೇರೆ ಇಲ್ಲ.

ಸಪಾಟಾದರೆ ಏನಾಗುತ್ತದೆ ಎಂಬುದಕ್ಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿ ಒಳ್ಳೆಯ ಉದಾಹರಣೆ. ಇಲ್ಲಿ ಮಾಂಕ್‌ನ ಮುಷ್ಟಿ ಎಂದರೆ ಒಂದು ದಾಳ. 1ನೇ ಲೆವೆಲ್‌ನಲ್ಲಿ ಅದಕ್ಕೆ ನಾಲ್ಕು ಮುಖ, 5ರಲ್ಲಿ ಆರು, 11ರಲ್ಲಿ ಎಂಟು, 17ರಲ್ಲಿ ಹತ್ತು. ಕವಚದ ಬದಲಿಗೆ 10ರ ಮೇಲೆ ಚುರುಕಿನ ಮತ್ತು ವಿವೇಕದ ಹೆಚ್ಚುವರಿ ಅಂಕ ಸೇರುತ್ತವೆ. ಎರಡರಲ್ಲೂ 3 ಇದ್ದರೆ ರಕ್ಷಣೆ 16. ಉಕ್ಕಿನ ಪೂರ್ಣ ಕವಚ ತೊಟ್ಟ ಭಟನಿಗೆ 18.

5ನೇ ಲೆವೆಲ್‌ನ ಇಬ್ಬರನ್ನು ಎದುರುಬದುರು ನಿಲ್ಲಿಸೋಣ. ಭಟನ ಕೈಯಲ್ಲಿ ಎರಡು ಕೈಯ ಮಹಾಖಡ್ಗ, ಆರು ಮುಖದ ಎರಡು ದಾಳ, ಸರಾಸರಿ 7, ತೋಳಿನ ಬಲ 4, ಒಟ್ಟು 11. ಒಂದು ಸರದಿಗೆ ಎರಡು ಏಟು, 22. ಮಾಂಕ್‌ನ ಒಂದು ಗುದ್ದು ಸರಾಸರಿ 3.5, ಚುರುಕಿನಿಂದ 4, ಒಟ್ಟು 7.5. ಅವನಿಗೂ ಎರಡು ಏಟು, ಮೇಲೆ ಒಂದು ಬಿಟ್ಟಿ ಗುದ್ದು. ಮೂರೂ ತಗುಲಿದರೆ 22.5. ಸಮಸಮ! ಇನ್ನು ಅವನು ‘ಕಿ’ ಖರ್ಚು ಮಾಡಿದರೆ ಬಿಟ್ಟಿ ಗುದ್ದು ಎರಡಾಗುತ್ತದೆ, ಒಟ್ಟು 30. ಭಟನಿಗಿಂತ ಮುಂದೆ.

11ನೇ ಲೆವೆಲ್‌ಗೆ ಬನ್ನಿ. ಭಟನಿಗೆ ಮೂರನೆಯ ಏಟು ಸಿಗುತ್ತದೆ, ತೋಳಿನ ಬಲ 5 ಆಗಿರುತ್ತದೆ, ಒಟ್ಟು 36. ಮಾಂಕ್‌ನ ಏಟುಗಳ ಎಣಿಕೆ ಹೆಚ್ಚುವುದಿಲ್ಲ, ದಾಳದ ಮುಖ ಮಾತ್ರ ಎರಡು ಹೆಚ್ಚುತ್ತದೆ. ಕಿ ಸುರಿದರೆ 38, ಸುರಿಯದಿದ್ದರೆ 28.5. ಇಷ್ಟರೊಳಗೆ ಭಟನ ಕೈಗೆ ಮಂತ್ರಿಸಿದ ಖಡ್ಗವೊಂದು ಸೇರಿರುತ್ತದೆ, ಅದರ ಅಂಕ ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ನಿಧಿಯ ಪೆಟ್ಟಿಗೆ ತೆರೆದಾಗಲೆಲ್ಲ ಖಡ್ಗ ಸಿಗುತ್ತದೆ, ಮುಷ್ಟಿ ಸಿಗುವುದಿಲ್ಲ. ಈ ಆವೃತ್ತಿಯ ಮಾಂಕ್ ಸೊರಗಿದ್ದಾನೆ ಎಂದು ಆಟಗಾರರು ವರ್ಷಗಟ್ಟಲೆ ಗೊಣಗಿದ್ದಕ್ಕೆ ಕಾರಣ ಈ ಲೆಕ್ಕದಲ್ಲಿದೆ. 2024ರ ಪರಿಷ್ಕರಣೆಯಲ್ಲಿ ಅವನ ಮೊದಲ ದಾಳವನ್ನೇ ಆರು ಮುಖಕ್ಕೆ ಏರಿಸಿದರು.

ಹಾಗಾದರೆ ಕಿ ಎಂದರೇನು? ಚೀನೀ ಭಾಷೆಯ ‘ಛಿ’ ಜಪಾನೀ ಬಾಯಲ್ಲಿ ‘ಕಿ’ ಆಯಿತು. ನಮ್ಮ ಪ್ರಾಣ ಎಂಬ ಪರಿಕಲ್ಪನೆಗೆ ಹತ್ತಿರದ ಮಾತು, ಉಸಿರಿನಲ್ಲಿರುವ ಶಕ್ತಿ. ಆಟದಲ್ಲಿ ಮಾತ್ರ ಅದು ಅಪ್ಪಟ ಚಿಲ್ಲರೆ ಕಾಸು. ಐದನೆಯ ಆವೃತ್ತಿಯಲ್ಲಿ 5ನೇ ಲೆವೆಲ್‌ನವನಿಗೆ 5 ಕಿ. ಒಂದು ಕಿ ಕೊಟ್ಟರೆ ಒಂದು ಗುದ್ದು ಹೆಚ್ಚು, ಅಥವಾ ಏಟು ತಪ್ಪಿಸಿಕೊಳ್ಳುವ ಭಂಗಿ, ಅಥವಾ ಇಮ್ಮಡಿ ನೆಗೆತ. ಸ್ವಲ್ಪ ಹೊತ್ತು ಕುಳಿತು ವಿಶ್ರಮಿಸಿದರೆ ಪೂರ್ತಿ ಮರಳುತ್ತದೆ. 2024ರ ಪುಸ್ತಕದಲ್ಲಿ ಇದರ ಹೆಸರನ್ನು ಏಕಾಗ್ರತೆ ಎಂಬ ಅರ್ಥದ ಫೋಕಸ್ ಎಂದು ಬದಲಿಸಿದ್ದಾರೆ.

ಈ ಕಾಸಿನ ನಿಜವಾದ ಬೆಲೆ ತಿಳಿಯುವುದು ಗುದ್ದಿನ ಎಣಿಕೆಯಲ್ಲಲ್ಲ. 2014ರ ನಿಯಮಗಳಲ್ಲಿ, 5ನೇ ಲೆವೆಲ್‌ನಲ್ಲಿ ಮಾಂಕ್‌ಗೆ ಮರ್ಮಕ್ಕೆ ಹೊಡೆಯುವ ವಿದ್ಯೆ ಬರುತ್ತದೆ, ಸ್ಟನಿಂಗ್ ಸ್ಟ್ರೈಕ್. ತಗುಲಿದ ಯಾವ ಗುದ್ದಿನ ಮೇಲಾದರೂ ಒಂದು ಕಿ ಹಾಕಿ, ಎದುರಾಳಿ ತನ್ನ ದೇಹದಾರ್ಢ್ಯದ ಪರೀಕ್ಷೆಯಲ್ಲಿ ಸೋತರೆ ಅವನು ಕಲ್ಲಾಗಿ ನಿಲ್ಲುತ್ತಾನೆ. ಎದುರಿಗೆ ಒಂದು ಓಗರ್ ಇದೆ ಎನ್ನಿ, ಹತ್ತಡಿ ಎತ್ತರದ ಪೆದ್ದ ರಕ್ಕಸ. ವಿವೇಕದಲ್ಲಿ 3 ಹೆಚ್ಚುವರಿ ಇರುವ ಮಾಂಕ್‌ನ ಏಟನ್ನು ತಡೆಯಲು ಅದು 14 ಮುಟ್ಟಬೇಕು. ಇಪ್ಪತ್ತು ಮುಖದ ದಾಳ ಉರುಳಿಸಿ, ಮೈಯ ಗಟ್ಟಿತನಕ್ಕೆ 3 ಸೇರಿಸುತ್ತದೆ. 11 ಅಥವಾ ಮೇಲೆ ಬಿದ್ದರೆ ಬಚಾವು, 10ರ ಒಳಗೆ ಬಿದ್ದರೆ ಕಲ್ಲು. ಸರಿಯಾಗಿ ಅರ್ಧಕ್ಕರ್ಧ ಸಾಧ್ಯತೆ. ಮಾಂಕ್ ಒಂದು ಕಿ ಕೊಟ್ಟು ನಾಲ್ಕು ಗುದ್ದು ಗುದ್ದುತ್ತಾನೆ. ನಾಲ್ಕೂ ತಗುಲಿ, ನಾಲ್ಕರ ಮೇಲೂ ಒಂದೊಂದು ಕಿ ಇಟ್ಟರೆ, ನಾಲ್ಕರಲ್ಲೂ ಓಗರ್ ಪಾರಾಗುವುದು ಹದಿನಾರಕ್ಕೆ ಒಂದು ಸಲ ಮಾತ್ರ. ಕಲ್ಲಾಗಿ ನಿಂತ ಓಗರ್‌ಗೆ ಮುಂದಿನ ಸರದಿಯೇ ಇಲ್ಲ. ಜೊತೆಯವರೆಲ್ಲ ಎರಡೆರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಂಡು ಅದನ್ನು ಬಡಿಯುತ್ತಾರೆ. ಕೊಂದ ಹೆಸರು ಖಡ್ಗದವನಿಗೆ. ಮಾಂಕ್‌ನ ಐದು ಕಿಯೂ ಆ ಒಂದೇ ಸರದಿಯಲ್ಲಿ ಖಾಲಿ. ಎರಡನೆಯ ಓಗರ್ ಬಂದರೆ ಅವನು ಆರು ಮುಖದ ದಾಳ ಹಿಡಿದ ಬಡವ. ಮೇಜಿನ ಸುತ್ತ ಕುಳಿತವರಲ್ಲಿ ಮಾಂಕ್ ಆಡುವವನು ಸದಾ ಬಾಯಿಯೊಳಗೆ ಏನೋ ಎಣಿಸುತ್ತಿದ್ದರೆ ಅದು ಜಪವಲ್ಲ.

ಬರಿಗೈಯವನ ಬಲ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಮೇಜಿನ ಆಟದ ಹೊರಗೆ ಬೇರೆ ಬೇರೆ ಉತ್ತರಗಳಿವೆ, ಎಲ್ಲವನ್ನೂ ಹೇಳುವುದಿಲ್ಲ, ನನಗೆ ಇಷ್ಟವಾದ ಎರಡನ್ನು ಹೇಳುತ್ತೇನೆ. ಅಕ್ಷರಗಳಿಂದಲೇ ಚಿತ್ರ ಬಿಡಿಸುವ ಹಳೆಯ ನೆಟ್‌ಹ್ಯಾಕ್ ಆಟಕ್ಕೆ 1999ರಲ್ಲಿ ಮಾಂಕ್ ಸೇರಿದ. ಅಲ್ಲಿ ಅವನು ಆರಂಭದಿಂದಲೇ ಬಲಶಾಲಿ. ಬದಲಿಗೆ ಆಟ ಅವನಿಗೆ ವ್ರತ ಹಚ್ಚುತ್ತದೆ. ಮೈಗೆ ಕವಚ ತೊಟ್ಟು ಹೊಡೆಯಲು ಹೋದರೆ ಕವಚ ತೊಡಕಾಗುತ್ತಿದೆ ಎಂಬ ಸಂದೇಶ ಬರುತ್ತದೆ, ಏಟು ಗುರಿ ತಪ್ಪುತ್ತದೆ. ಮಾಂಸ ತಿಂದರೆ ಇನ್ನೊಂದು ಸಂದೇಶ: ನಿನಗೆ ಪಾಪಪ್ರಜ್ಞೆ ಕಾಡುತ್ತಿದೆ. ಕೊಂದದ್ದನ್ನೇ ತಿಂದು ಬದುಕಬೇಕಾದ ನೆಲಮಾಳಿಗೆಯಲ್ಲಿ ಒಬ್ಬ ಸಸ್ಯಾಹಾರಿ! ಅಲ್ಲಿ ಶತ್ರುವಾಗಿ ಎದುರಾಗುವ ಕಲ್ಲುಹೂವಿನ ಹೆಣ ಸಿಕ್ಕರೆ ಹಬ್ಬ.

ಎರಡನೆಯದು 1994ರ ಫೈನಲ್ ಫ್ಯಾಂಟಸಿ 6. ಉಳಿದ ಹೆಚ್ಚಿನ ಪಾತ್ರಗಳು ಪಟ್ಟಿಯಿಂದ ಆಜ್ಞೆ ಆರಿಸಿದರೆ ಹೊಡೆಯುತ್ತವೆ. ಸೇಬಿನ್ ಎಂಬ ಮುಷ್ಟಿಯೋಧನಿಗೆ ಮಾತ್ರ ಆಟಗಾರನ ಬೆರಳೇ ಪಟ್ಟು ಹಾಕಬೇಕು: ಎಡ, ಬಲ, ಎಡ ಒತ್ತಿ ಗುಂಡಿ ಅದುಮಿದರೆ ಸರಣಿ ಗುದ್ದು. ಬಲದ ಖಾತೆಯನ್ನು ಪಾತ್ರದ ಮೈಯಿಂದ ಆಡುವವನ ಬೆರಳಿಗೇ ವರ್ಗಾಯಿಸಿದರು. ಅದೇ ಆಟದಲ್ಲಿ ಪ್ರೇತಗಳ ರೈಲೊಂದು ಇವರನ್ನು ಅಟ್ಟಿಸಿಕೊಂಡು ಬರುತ್ತದೆ. ಎದುರಾಳಿಯನ್ನು ಎತ್ತಿ ನೆಲಕ್ಕೆ ಕುಕ್ಕುವ ಪಟ್ಟನ್ನು ಸೇಬಿನ್‌ನ ಕೈಯಲ್ಲಿ ಆ ರೈಲಿನ ಮೇಲೆ ಹಾಕಿಸಿ ನೋಡಿ. ರೈಲೇ ಮೇಲೆದ್ದು ಮಗುಚಿ ಬೀಳುತ್ತದೆ. ಯಾವ ಸೂತ್ರದ ವಿವರಣೆಯೂ ಅದಕ್ಕೆ ಬೇಕಿಲ್ಲ.

ಹೆಚ್ಚಿನ ಆಟಗಳು ಮಾತ್ರ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ ಕೈಗೊಂದು ಕೈಗವಸು ಇಲ್ಲವೇ ಉಗುರಿನ ಆಯುಧ ತೊಡಿಸಿ ಅದನ್ನೇ ಬರಿಗೈ ಎಂದು ಕರೆಯುತ್ತವೆ. ಫೈನಲ್ ಫ್ಯಾಂಟಸಿ 7ರ ಟೀಫಾ ಹೊಸ ಊರು ಬಂದಾಗಲೆಲ್ಲ ಹೊಸ ಕೈಗವಸು ಹಾಕುತ್ತಾಳೆ. ಗಾಣಕ್ಕೆ ಅವಳೂ ಹೆಗಲು ಕೊಟ್ಟಂತಾಯಿತು. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಕಂಡವರಿಗೆ ಇದು ಹೊಸದೇನಲ್ಲ. ಕುಸ್ತಿಯೂ ಹೌದು, ಬೆರಳಿಗೆ ಮುಳ್ಳಿನ ಹಿಡಿಯೂ ಹೌದು. ನೆತ್ತರು ಚಿಮ್ಮಿದರೆ ಕಾಳಗ ಮುಗಿಯಿತು.

ಇನ್ನು ಈ ಕಾಲದ ಅತಿ ಪ್ರಸಿದ್ಧ ಮಾಂಕ್. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ತಂದ ಬಾಲ್ಡರ್ಸ್ ಗೇಟ್ 3 ಅದೇ ಐದನೆಯ ಆವೃತ್ತಿಯ ನಿಯಮಗಳ ಮೇಲೆ ಕಟ್ಟಿದ ಆಟ. ಹನ್ನೆರಡು ಕ್ಲಾಸ್‌ಗಳಲ್ಲಿ, ಎಂದರೆ ಪಾತ್ರದ ಬಗೆಗಳಲ್ಲಿ, ಕೊನೆಗೆ ಸೇರಿದವನು ಮಾಂಕ್. ಮೇಜಿನ ಮೇಲೆ ಸೊರಗಿದ್ದವನು ಇಲ್ಲಿ ಅತ್ಯಂತ ಬಲಶಾಲಿಗಳ ಸಾಲಿಗೆ ಸೇರಿದ. ಹೇಗೆಂದು ನೋಡಿದರೆ ನಗು ಬರುತ್ತದೆ.

ನಮ್ಮಲ್ಲಿ ಒಂದು ಕತೆಯಿದೆ. ಸನ್ಯಾಸಿಯೊಬ್ಬನ ಕೌಪೀನವನ್ನು ಇಲಿ ಕಡಿಯುತ್ತಿತ್ತಂತೆ. ಇಲಿ ಹಿಡಿಯಲು ಬೆಕ್ಕು ಸಾಕಿದ, ಬೆಕ್ಕಿನ ಹಾಲಿಗೆ ಹಸು ಕಟ್ಟಿದ, ಹಸು ಮೇಯಿಸಲು ಆಳು ಇಟ್ಟ, ಕೊನೆಗೆ ಸಂಸಾರವೇ ಆಯಿತು. ಬಾಲ್ಡರ್ಸ್ ಗೇಟ್‌ನ ಮಾಂಕ್‌ನದೂ ಇದೇ ಕತೆ. ಮೊದಲ ಬೆಕ್ಕು, 4ನೇ ಲೆವೆಲ್‌ನಲ್ಲಿ ಆರಿಸಬಹುದಾದ ಟ್ಯಾವರ್ನ್ ಬ್ರಾಲರ್ ಎಂಬ ವಿದ್ಯೆ. ಕನ್ನಡದಲ್ಲಿ ಹೇಳುವುದಾದರೆ ಹೆಂಡದಂಗಡಿಯ ಜಗಳಗಂಟ. ಇದನ್ನು ಕಲಿತರೆ ಬರಿಗೈ ಏಟಿನ ಗುರಿಗೂ ಪೆಟ್ಟಿಗೂ ತೋಳಿನ ಬಲ ಎರಡೆರಡು ಸಲ ಸೇರುತ್ತದೆ. ಆದರೆ ಮಾಂಕ್‌ಗೆ ಬೇಕಾದದ್ದು ಚುರುಕು ಮತ್ತು ವಿವೇಕ, ಬಲಕ್ಕೆ ಅಂಕ ಎಲ್ಲಿ ಉಳಿದಿರುತ್ತದೆ? ಅಲ್ಲಿಗೆ ಹಸು ಬಂತು: ಗುಡ್ಡದ ದೈತ್ಯನ ಬಲ ಕೊಡುವ ರಸಾಯನ. ಕುಡಿದರೆ ಮರುದಿನದವರೆಗೆ ಬಲ 21, ಹೆಚ್ಚುವರಿ 5. ಅದನ್ನು ಮಾರುವವಳು ಆಂಟಿ ಎಥೆಲ್ ಎಂಬ ಮುದುಕಿ, ಹೊರಗೆ ನೋಡಲು ಅಜ್ಜಿ, ಒಳಗೆ ಮಾಟಗಾತಿ.

5ನೇ ಲೆವೆಲ್‌ನ ಹಳೆಯ ಲೆಕ್ಕಕ್ಕೆ ಇದನ್ನು ಹಾಕಿ. ಗುದ್ದು ಸರಾಸರಿ 3.5, ಬಲ 5, ಮತ್ತೊಮ್ಮೆ ಬಲ 5, ಒಟ್ಟು 13.5. ನಾಲ್ಕು ಗುದ್ದಿಗೆ 54. ಮೇಜಿನ ಮೇಲೆ ಅದು 30 ಇತ್ತು. ಮೇಲಾಗಿ ಗುರಿಗೂ 5 ಹೆಚ್ಚು ಸೇರಿರುವುದರಿಂದ ಏಟು ತಪ್ಪುವುದೇ ಅಪರೂಪ. ಏರು ರಸ್ತೆಯನ್ನು ಲೇರಿಯನ್‌ನವರು ಎತ್ತಿ ಗೋಡೆಗೆ ಒರಗಿಸಿಬಿಟ್ಟರು.

ಸಂಸಾರ ಇಲ್ಲಿಗೂ ನಿಲ್ಲುವುದಿಲ್ಲ. ಕಳ್ಳನ ವಿದ್ಯೆಯನ್ನು ಮೂರು ಲೆವೆಲ್ ಕಲಿತರೆ ಸರದಿಗೆ ಇನ್ನೊಂದು ಹೆಚ್ಚುವರಿ ಅವಕಾಶ ಸಿಗುತ್ತದೆ, ಗುದ್ದು ಆರಾಗುತ್ತದೆ. ಹಾಗಾಗಿ 12ನೇ ಲೆವೆಲ್‌ಗೆ ಮುಗಿಯುವ ಆಟದಲ್ಲಿ ಒಂಬತ್ತು ಪಾಲು ಸನ್ಯಾಸಿ, ಮೂರು ಪಾಲು ಕಳ್ಳ ಎಂಬ ಮಿಶ್ರಣ ಬಹಳ ಜನಪ್ರಿಯ. ಕೊನೆಯ ಅಧ್ಯಾಯದಲ್ಲಿ ಸೈತಾನನೊಬ್ಬನ ಮನೆಗೆ ನುಗ್ಗಿ, ಅಲ್ಲಿ ಬಂಧಿಯಾಗಿರುವ ಹೋಪ್ ಎಂಬಾಕೆಯನ್ನು ಬಿಡಿಸಿದರೆ ಕೈಗವಸು ಸಿಗುತ್ತದೆ. ಪ್ರತಿ ಗುದ್ದಿಗೂ ಹತ್ತು ಮುಖದ ಇನ್ನೊಂದು ದಾಳ. ಆರೂ ತಗುಲಿದರೆ ಪೆಟ್ಟಿನ ಮೊತ್ತ ಸರಾಸರಿ ನೂರು ದಾಟುತ್ತದೆ.

ನನ್ನ ಮೊದಲ ಮಾಂಕ್ ಅಷ್ಟು ದೂರ ಹೋಗಲಿಲ್ಲ. ಜೌಗುನೆಲದಲ್ಲಿ ಎಥೆಲ್ ಬಸುರಿ ಹೆಂಗಸೊಬ್ಬಳನ್ನು ಕೂಡಿಹಾಕಿದ್ದು ಕಂಡು ಸಿಟ್ಟು ನೆತ್ತಿಗೇರಿ, ಗುಹೆಯೊಳಗೆ ಇಳಿದು, ಮುದುಕಿಯನ್ನು ಅವಳದೇ ರಸಾಯನ ಕುಡಿದ ಮುಷ್ಟಿಯಿಂದ ಹೊಡೆದು ಕೊಂದೆ. ಹೆಂಗಸು ಬದುಕಿದಳು. ಚೀಲ ತೆರೆದು ನೋಡಿದರೆ ಉಳಿದದ್ದು ಎರಡು ಶೀಶೆ. ಮೂರನೆಯ ದಿನ ಬೆಳಿಗ್ಗೆ ಸನ್ಯಾಸಿಯ ತೋಳಿನ ಬಲ 21ರಿಂದ 8ಕ್ಕೆ ಇಳಿದಿತ್ತು, ಎದುರಿಗೆ ಗಾಬ್ಲಿನ್‌ಗಳ ಪಾಳೆಯವಿತ್ತು, ಮತ್ತು ಅಂಗಡಿಯವಳನ್ನು ನಾನೇ ಕೊಂದಿದ್ದೆ.